ಕಪಾಟಿನ ಕೀಲು ಮತ್ತು ಗ್ರಾಹಕನ ಹಕ್ಕು

ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಉಕ್ಕು, ಸಿಮೆಂಟು, ವಿದ್ಯುತ್ತುಗಳಿಗೆ ಅಧ್ಯಾಯಗಳೇ ಮೀಸಲಾಗಿವೆ. ಬಾಗಿಲಿನ ಕೀಲಿಗೆ ಒಂದು ಅಡಿಟಿಪ್ಪಣಿಯೂ ಇಲ್ಲ. ಆದರೆ ಕಳೆದ ಅರವತ್ತು-ಎಪ್ಪತ್ತು ವರ್ಷಗಳಲ್ಲಿ ಪೀಠೋಪಕರಣಗಳ ತಯಾರಿಕೆ, ಸಾಗಣೆ ಮತ್ತು ಮಾರಾಟದ ಕ್ರಮವನ್ನೇ ಬದಲಿಸಿದ ವಸ್ತುಗಳನ್ನು ಪಟ್ಟಿ ಮಾಡಿದರೆ, ಕಪಾಟಿನ ಬಾಗಿಲ ಒಳಮೈಯಲ್ಲಿ ಅಡಗಿ ಕುಳಿತಿರುವ ಅಂಗೈಯಗಲದ ಲೋಹದ ತುಂಡೊಂದಕ್ಕೆ ಅಲ್ಲಿ ಮೊದಲ ಸಾಲಿನಲ್ಲೇ ಸ್ಥಾನ ಸಲ್ಲಬೇಕು. ಕೀಲು ಎಂದೂ ಬಿಜಾಗರಿ ಎಂದೂ ನಾವು ಕರೆಯುವ ಹಳೆಯ ಸಾಧನದ ಈ ಹೊಸ ರೂಪಕ್ಕೆ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ‘ಆಟೋ ಹಿಂಜ್’ ಎಂಬ ಹೆಸರು ರೂಢಿಯಾಗಿದೆ. ಬಾಗಿಲನ್ನು ಅರ್ಧದಷ್ಟು ತಳ್ಳಿದರೆ ಉಳಿದರ್ಧವನ್ನು ಅದು ತಾನೇ ಎಳೆದುಕೊಂಡು ಮುಚ್ಚುತ್ತದೆ.

ಅಂಗಡಿಯಿಂದ ಚಪ್ಪಟೆ ಪೆಟ್ಟಿಗೆಯಲ್ಲಿ ಹಲಗೆಗಳನ್ನು ತಂದು, ಬಡಗಿಯ ನೆರವಿಲ್ಲದೆ ಮನೆಯಲ್ಲೇ ಕಪಾಟು ಜೋಡಿಸಿಕೊಳ್ಳುವ ಪದ್ಧತಿ ಈಗ ನಮ್ಮ ನಗರಗಳಿಗೂ ಬಂದಿದೆ. ಅದನ್ನು ಸಾಧ್ಯಗೊಳಿಸಿದ ಸಾಧನಗಳಲ್ಲಿ ಈ ಕೀಲು ಮುಖ್ಯವಾದುದು. ಅದರಿಂದ ಒದಗಿದ ಅನುಕೂಲವನ್ನು ಅಲ್ಲಗಳೆಯುವ ಉದ್ದೇಶ ಈ ಲೇಖನದ್ದಲ್ಲ. ಜೋಡಿಸುವಾಗ ದೊರೆತ ಸುಲಭವು ದುರಸ್ತಿಯ ಹೊತ್ತಿಗೂ ಉಳಿದಿರುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಬಾಗಿಲು ಕೂರಿಸುವ ವಿದ್ಯೆ

ಬಿಡಿಭಾಗಗಳಾಗಿ ಸಾಗಿಸಿ, ತಲುಪಿದಲ್ಲಿ ಜೋಡಿಸುವ ಉಪಾಯ ಹೊಸತೇನಲ್ಲ. ವಿಯೆನ್ನಾದ ಮೈಕೆಲ್ ಥೋನೆಟ್ 1859ರಲ್ಲಿ ಹೊರತಂದ 14ನೇ ಸಂಖ್ಯೆಯ ಕುರ್ಚಿಯಲ್ಲಿ ಇದ್ದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು ಮಾತ್ರ. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಅಂಥ 36 ಕುರ್ಚಿಗಳು ಹಿಡಿಯುತ್ತಿದ್ದವು. ಜೋಡಿಸಿದ ಕುರ್ಚಿಯನ್ನು ಹಡಗಿನಲ್ಲಿ ಕಳುಹಿಸುವುದೆಂದರೆ ಬಹುಪಾಲು ಗಾಳಿಯನ್ನೇ ಬಾಡಿಗೆ ಕೊಟ್ಟು ಸಾಗಿಸಿದಂತೆ. ಥೋನೆಟ್ ಈ ಗುಟ್ಟನ್ನು ಅರಿತದ್ದರಿಂದಲೇ ಆ ಕುರ್ಚಿ ಜಗತ್ತಿನ ಕಾಫಿಮನೆಗಳನ್ನೆಲ್ಲ ಸೇರಿತು. ಸ್ವೀಡನ್ನಿನಲ್ಲಿ ಇಂಗ್ವಾರ್ ಕಾಂಪ್ರಾಡ್ 1943ರಲ್ಲಿ ಸ್ಥಾಪಿಸಿದ ಐಕಿಯಾ 1950ರ ದಶಕದಲ್ಲಿ ಇದೇ ಉಪಾಯವನ್ನು ತನ್ನ ವ್ಯಾಪಾರದ ತಳಹದಿಯಾಗಿಸಿಕೊಂಡಿತು. ಕಾರಿನೊಳಗೆ ಹಿಡಿಯದ ಮೇಜೊಂದರ ಕಾಲುಗಳನ್ನು ಬಿಚ್ಚಿದಾಗ ಈ ಯೋಚನೆ ಹೊಳೆಯಿತು ಎಂಬುದು ಆ ಕಂಪನಿ ಹೇಳಿಕೊಂಡು ಬಂದಿರುವ ಕಥೆ.

ಆದರೆ ಕುರ್ಚಿಗೂ ಮೇಜಿಗೂ ಬಾಗಿಲಿಲ್ಲ, ಕಪಾಟಿಗೆ ಇದೆ. ಬಾಗಿಲು ಕೂರಿಸುವುದು ಬಡಗಿಯ ವಿದ್ಯೆಯಲ್ಲಿಯೇ ಕಠಿಣವಾದ ಭಾಗ. ಸಾಮಾನ್ಯ ಬಿಜಾಗರಿಗೆ ಎರಡು ಎಲೆಗಳು, ನಡುವೆ ಒಂದು ಸೂಜಿ. ಬಾಗಿಲಿನ ಅಂಚಿನಲ್ಲೂ ಚೌಕಟ್ಟಿನಲ್ಲೂ ಎಲೆಯ ದಪ್ಪಕ್ಕೆ ಸರಿಯಾಗಿ ಉಳಿಯಿಂದ ಕೆತ್ತಿ ಅದನ್ನು ಕೂರಿಸಬೇಕು. ಕೆತ್ತನೆ ತುಸು ಆಳವಾದರೆ ಬಾಗಿಲು ಬಿಗಿಯುತ್ತದೆ, ತುಸು ಮೇಲಾದರೆ ಸಂದು ಬಿಡುತ್ತದೆ. ಮೇಲಿನ ಮತ್ತು ಕೆಳಗಿನ ಕೀಲುಗಳ ಸೂಜಿಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಬಾಗಿಲು ಕಿರುಗುಟ್ಟುತ್ತದೆ. ಒಮ್ಮೆ ಸ್ಕ್ರೂ ಬಿಗಿದ ಮೇಲೆ ತಿದ್ದಬೇಕಾದರೆ ಬಿಚ್ಚಿ ಮತ್ತೆ ಕೆತ್ತಬೇಕು. ಅನುಭವಿ ಆಚಾರಿಯ ಕೈಗೆ ಮಾತ್ರ ಒಲಿಯುವ ಈ ಕೆಲಸವನ್ನು ಕೊಳ್ಳುವವರಿಗೆ ವಹಿಸುವಂತಿರಲಿಲ್ಲ.

ಇದಕ್ಕೆ ಮತ್ತೊಂದು ತೊಡಕೂ ಸೇರಿಕೊಂಡಿತು. ಎರಡನೇ ಮಹಾಯುದ್ಧದ ನಂತರ ಯುರೋಪಿನಲ್ಲಿ ನೆಲಸಮವಾದ ಮನೆಗಳನ್ನು ಮತ್ತೆ ಕಟ್ಟಬೇಕಾಗಿತ್ತು, ಒಳ್ಳೆಯ ಮರದ ಕೊರತೆಯಿತ್ತು. ಜರ್ಮನಿಯ ಮ್ಯಾಕ್ಸ್ ಹಿಮ್ಮೆಲ್‌ಹೇಬರ್ 1930ರ ದಶಕದಲ್ಲಿ ರೂಪಿಸಿದ್ದ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ, ಆ ಕೊರತೆಯನ್ನು ತುಂಬಿತು. ಅದು ಅಗ್ಗ, ಸಮತಟ್ಟು, ಒಂದೇ ಅಳತೆಯದು. ಆದರೆ ಅದರ ಅಂಚಿನಲ್ಲಿ ಸ್ಕ್ರೂ ಕಚ್ಚಿ ನಿಲ್ಲುವುದಿಲ್ಲ. ಅಂಚಿಗೆ ಸ್ಕ್ರೂ ಹಾಕಿ ಕೂರಿಸುವ ಹಳೆಯ ಬಿಜಾಗರಿ ಈ ಹೊಸ ಹಲಗೆಗೆ ನಿರುಪಯುಕ್ತವಾಯಿತು.

ಎರಡೂ ತೊಡಕುಗಳನ್ನು ಒಟ್ಟಿಗೆ ಬಗೆಹರಿಸಿದ್ದು ಬಟ್ಟಲಿನಾಕಾರದ ಕೀಲು. ಇದರ ಒಂದು ತುದಿಯಲ್ಲಿ 35 ಮಿಲಿಮೀಟರ್ ವ್ಯಾಸದ ಬಟ್ಟಲಿದೆ. ಬಾಗಿಲಿನ ಅಂಚಿನ ಬದಲು ಒಳಮೈಯಲ್ಲಿ ಕೊರೆದ ಗುಂಡನೆಯ ಕುಳಿಯಲ್ಲಿ ಅದು ಕೂರುತ್ತದೆ. ಇನ್ನೊಂದು ತುದಿಯ ತೋಳು ಕಪಾಟಿನ ಪಕ್ಕದ ಹಲಗೆಗೆ ಬಿಗಿದ ಪುಟ್ಟ ತಟ್ಟೆಗೆ ಸೇರುತ್ತದೆ. ಭಾರವೆಲ್ಲ ಹಲಗೆಯ ಅಗಲವಾದ ಮೈಗೆ ಹಂಚಿಹೋಗುವುದರಿಂದ ಪಾರ್ಟಿಕಲ್ ಬೋರ್ಡ್ ಅದನ್ನು ತಾಳಿಕೊಳ್ಳುತ್ತದೆ. ಜೊತೆಗೆ ಬಾಗಿಲನ್ನು ಎಡಕ್ಕೆ-ಬಲಕ್ಕೆ, ಮೇಲಕ್ಕೆ-ಕೆಳಕ್ಕೆ, ಹಿಂದಕ್ಕೆ-ಮುಂದಕ್ಕೆ ಒಂದೆರಡು ಮಿಲಿಮೀಟರ್ ಸರಿಸುವ ತಿರುಪುಗಳು ಅದರಲ್ಲಿಯೇ ಇವೆ. ಉಳಿಯ ಕೆಲಸದಲ್ಲಿ ತಪ್ಪಿದ ಕೂದಲೆಳೆಯನ್ನು ಈಗ ಸ್ಕ್ರೂಡ್ರೈವರಿನ ಅರ್ಧ ಸುತ್ತು ಸರಿಪಡಿಸುತ್ತದೆ.

ಅನಂತರ ಬಂದ ಸುಧಾರಣೆ ಇನ್ನೂ ಸರಳವಾದದ್ದು. ಬಾಗಿಲಿಗೆ ಕೀಲನ್ನೂ ಕಪಾಟಿಗೆ ತಟ್ಟೆಯನ್ನೂ ಮೊದಲೇ ಕೂರಿಸಿಟ್ಟರೆ, ಜೋಡಿಸುವವರು ಒಂದನ್ನು ಇನ್ನೊಂದಕ್ಕೆ ಒತ್ತಿ ‘ಟಕ್’ ಎನಿಸಿದರೆ ಸಾಕು. ಬಿಚ್ಚಬೇಕಾದರೆ ತೋಳಿನ ಹಿಂಬದಿಯ ಕೊಂಡಿಯನ್ನು ಬೆರಳಿನಿಂದ ಎತ್ತಬೇಕು. ಒಂದು ಕೈಯಲ್ಲಿ ಭಾರದ ಬಾಗಿಲು, ಇನ್ನೊಂದರಲ್ಲಿ ಸ್ಕ್ರೂಡ್ರೈವರು, ಬಾಯಲ್ಲಿ ಸ್ಕ್ರೂ ಹಿಡಿದು ತಿಣುಕುವ ಕಷ್ಟ ಇದರಿಂದ ತಪ್ಪಿತು. ಒಂಟಿಯಾಗಿರುವವರೂ ವಯಸ್ಸಾದವರೂ ಕಪಾಟಿಗೆ ಬಾಗಿಲು ತೊಡಿಸುವಂತಾಯಿತು.

ಮೂವತ್ತೆರಡರ ಲೆಕ್ಕ

ಈ ಕೀಲಿನ ಯಶಸ್ಸಿಗೆ ಅದರ ರಚನೆ ಎಷ್ಟು ಕಾರಣವೋ ಅದರ ಸುತ್ತ ಬೆಳೆದ ಅಳತೆಯ ಒಪ್ಪಂದವೂ ಅಷ್ಟೇ ಕಾರಣ. ಜರ್ಮನಿಯಲ್ಲಿ ರೂಪುಗೊಂಡು ಜಗತ್ತಿನೆಲ್ಲೆಡೆ ಹಬ್ಬಿದ ‘32ರ ಪದ್ಧತಿ’ಯಲ್ಲಿ ಕಪಾಟಿನ ಪಕ್ಕದ ಹಲಗೆಗೆ ಮುಂದಿನ ಅಂಚಿನಿಂದ 37 ಮಿಲಿಮೀಟರ್ ಒಳಗೆ, ಒಂದರಿಂದೊಂದಕ್ಕೆ 32 ಮಿಲಿಮೀಟರ್ ಅಂತರದಲ್ಲಿ, 5 ಮಿಲಿಮೀಟರಿನ ರಂಧ್ರಗಳ ಸಾಲನ್ನು ಕೊರೆಯುತ್ತಾರೆ. ಕೀಲಿನ ತಟ್ಟೆ, ಒಳಹಲಗೆಯ ಗೂಟ, ಡ್ರಾಯರಿನ ಹಳಿ, ಇವೆಲ್ಲ ಆ ಒಂದೇ ಸಾಲಿಗೆ ಹೊಂದುತ್ತವೆ. ಹಲಗೆ ಕೊರೆಯುವ ಕಾರ್ಖಾನೆಗೆ ಕೀಲು ಯಾವ ಊರಿನಿಂದ ಬರುತ್ತದೆ ಎಂಬ ಚಿಂತೆ ಬೇಡ; ಕೀಲು ಮಾಡುವವನಿಗೆ ಕಪಾಟನ್ನು ಯಾರು ಕಟ್ಟುತ್ತಾರೆ ಎಂಬುದು ತಿಳಿದಿರಬೇಕಿಲ್ಲ.

ಪೇಟೆಯ ವಿಸ್ತಾರವೇ ಶ್ರಮ ವಿಭಜನೆಯ ಮಿತಿ ಎಂದು ಆ್ಯಡಂ ಸ್ಮಿತ್ 1776ರಲ್ಲಿ ಹೇಳಿದ್ದರು. ಅಳತೆಯ ಒಪ್ಪಂದವು ಪೇಟೆಯನ್ನು ಹಿಗ್ಗಿಸುತ್ತದೆ, ಹಿಗ್ಗಿದ ಪೇಟೆ ಪರಿಣತಿಯನ್ನು ಬೆಳೆಸುತ್ತದೆ. ಆಸ್ಟ್ರಿಯಾದ ಫೋರಾರ್ಲ್‌ಬೆರ್ಗ್ ಪ್ರಾಂತ್ಯದ ಹೋಕ್ಸ್ಟ್ ಎಂಬ ಸಣ್ಣ ಊರು ಇದಕ್ಕೆ ನಿದರ್ಶನ. ಕೀಲುಗಳ ಜಗತ್ತಿನ ಎರಡು ದೊಡ್ಡ ಹೆಸರುಗಳಾದ ಗ್ರಾಸ್ (1947) ಮತ್ತು ಬ್ಲೂಮ್ (1952) ಹುಟ್ಟಿದ್ದು ಅದೇ ಊರಿನಲ್ಲಿ. ಬ್ಲೂಮ್ ಕಂಪನಿಯ ಮೊದಲ ಸರಕು ಕುದುರೆ ಜಾರದಂತೆ ಲಾಳಕ್ಕೆ ಹಾಕುವ ಮೊಳೆ. ಕುದುರೆಗಳ ಕಾಲ ಮುಗಿದ ಮೇಲೆ ಅದು ಅಡುಗೆಮನೆಯ ಕೀಲಿಗೆ ಹೊರಳಿ ವಿಶ್ವದ ಪೇಟೆಯನ್ನು ತಲುಪಿತು.

ಸಾಮಾನ್ಯ ಮಾನಕವೆಂಬುದು ಬೀದಿದೀಪದಂತೆ ಒಂದು ಸಾರ್ವಜನಿಕ ಸರಕು. ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಕಡಿಮೆಯಾಗದು. ಬಳಸುವವರು ಹೆಚ್ಚಿದಷ್ಟೂ ಅದರ ಬೆಲೆ ಹೆಚ್ಚು. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ಸ್ಕ್ರೂಗಳ ಎಳೆಗೆ ಏಕರೂಪದ ಅಳತೆ ಸೂಚಿಸುವ ಮೊದಲು ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಹೊಂದುವುದೇ ಅಪರೂಪವಾಗಿತ್ತು. ಆ ಒಂದು ಒಪ್ಪಂದವಿಲ್ಲದೆ ಇಂದಿನ ಯಂತ್ರೋದ್ಯಮವನ್ನು ಊಹಿಸಲಾಗದು. ನಮ್ಮಲ್ಲಿಯೂ ಉಕ್ಕಿನ ಸಾಮಾನ್ಯ ಬಿಜಾಗರಿಗೆ ಐಎಸ್ 1341 ಎಂಬ ಮಾನಕ ದಶಕಗಳಿಂದ ಇದೆ.

ಅರ್ಧಕ್ಕೆ ನಿಂತ ಒಪ್ಪಂದ

ದುರದೃಷ್ಟವಶಾತ್ ಕಪಾಟಿನ ಕೀಲಿನ ವಿಷಯದಲ್ಲಿ ಈ ಒಪ್ಪಂದ ಅರ್ಧಕ್ಕೇ ನಿಂತಿದೆ. ಬಟ್ಟಲಿನ ವ್ಯಾಸ ಎಲ್ಲರದೂ 35 ಮಿಲಿಮೀಟರ್. ಆದರೆ ಬಟ್ಟಲಿನ ಎರಡೂ ಬದಿಯ ಸ್ಕ್ರೂ ರಂಧ್ರಗಳ ನಡುವಣ ಅಂತರ ಒಬ್ಬರದು 45 ಮಿಲಿಮೀಟರ್, ಇನ್ನೊಬ್ಬರದು 48, ಮತ್ತೊಬ್ಬರದು 52. ತೋಳು ತಟ್ಟೆಗೆ ಕಚ್ಚುವ ಕೊಂಡಿಯಂತೂ ಕಂಪನಿಗೊಂದು ಬಗೆ. ಒಬ್ಬರ ತೋಳು ಇನ್ನೊಬ್ಬರ ತಟ್ಟೆಗೆ ಸೇರುವುದಿಲ್ಲ. ಒಂದೇ ಕಂಪನಿಯ ಹಳೆಯ ಮತ್ತು ಹೊಸ ಶ್ರೇಣಿಗಳು ಪರಸ್ಪರ ಹೊಂದದಿರುವುದೂ ಉಂಟು.

ಇದರ ಪರಿಣಾಮ ಏನೆಂಬುದನ್ನು ಬೆಂಗಳೂರಿನಲ್ಲಿ ನನ್ನ ಬಂಧುಗಳೊಬ್ಬರ ಮನೆಯಲ್ಲಿ ಕಂಡೆ. ಐದು ವರ್ಷದ ಹಿಂದೆ ಕೊಂಡ ಬಟ್ಟೆಯ ಕಪಾಟಿನಲ್ಲಿ ಒಂದು ಕೀಲಿನ ಸ್ಪ್ರಿಂಗ್ ಮುರಿದಿತ್ತು. ಮಾರಿದವರನ್ನು ವಿಚಾರಿಸಿದರೆ, ಆ ಮಾದರಿ ಈಗ ತಯಾರಾಗುತ್ತಿಲ್ಲ, ಕೀಲು ಬಿಡಿಯಾಗಿ ಸಿಗದು, ಬೇಕಿದ್ದರೆ ಇಡೀ ಬಾಗಿಲನ್ನೇ ಬದಲಿಸಿಕೊಡುತ್ತೇವೆ ಎಂಬ ಉತ್ತರ ಬಂತು. ಸಮೀಪದ ಅಂಗಡಿಯಿಂದ ಬಡಗಿಯೊಬ್ಬರು ತಂದ ಕೀಲಿನ ಬಟ್ಟಲು ಕುಳಿಯಲ್ಲಿ ಸರಿಯಾಗಿಯೇ ಕುಳಿತಿತು. ಆದರೆ ಅದರ ಸ್ಕ್ರೂ ರಂಧ್ರಗಳ ಅಂತರ 48ರ ಬದಲು 52. ಅಂದರೆ ಪ್ರತಿ ರಂಧ್ರವೂ ಹಳೆಯದರಿಂದ ಕೇವಲ 2 ಮಿಲಿಮೀಟರ್ ಆಚೆ ಬೀಳುತ್ತದೆ. ಮೂರೂವರೆ ಮಿಲಿಮೀಟರ್ ದಪ್ಪದ ಸ್ಕ್ರೂ ಅಲ್ಲಿ ಹೊಸ ಗಟ್ಟಿ ಜಾಗ ಕಾಣದೆ ಹಳೆಯ ರಂಧ್ರಕ್ಕೇ ಜಾರುತ್ತದೆ. ಘನ ಮರವಾಗಿದ್ದರೆ ಹಳೆಯ ರಂಧ್ರಕ್ಕೆ ಕಡ್ಡಿ ಬಡಿದು ಮತ್ತೆ ಕೊರೆಯಬಹುದು. ಪಾರ್ಟಿಕಲ್ ಬೋರ್ಡಿನಲ್ಲಿ ಅಂಥ ತೇಪೆ ಹೆಚ್ಚು ದಿನ ನಿಲ್ಲುವುದಿಲ್ಲ. ತಟ್ಟೆಯನ್ನೂ ಬದಲಿಸಬೇಕಾಯಿತು. ಕೆಲವು ನೂರು ರೂಪಾಯಿಯ ಭಾಗವೊಂದು ಹಾಳಾಗಿ, ಹಲವು ಸಾವಿರ ರೂಪಾಯಿಯ ಕಪಾಟಿನ ಬಾಗಿಲು ವಾಲಿಕೊಂಡಿತು.

ಇದು ಒಂದು ಮನೆಯ ಅಪರೂಪದ ಪ್ರಸಂಗವಲ್ಲ. ಮಾರುವವನ ಆದಾಯ ಮೊದಲ ಮಾರಾಟಕ್ಕೆ ಮುಗಿಯುವುದಿಲ್ಲ. ಬಿಡಿಭಾಗ ತನ್ನಲ್ಲಿ ಮಾತ್ರ ಸಿಗುವಂತಿದ್ದರೆ ಗ್ರಾಹಕ ಮತ್ತೆ ಬರಲೇಬೇಕು, ಬಿಡಿಭಾಗ ಸಿಗದಂತಿದ್ದರೆ ಹೊಸ ಕಪಾಟನ್ನೇ ಕೊಳ್ಳಬೇಕು. ಎರಡರಲ್ಲಿಯೂ ಲಾಭ ಒಂದೇ ಕಡೆಗೆ. ಕೊಳ್ಳುವಾಗ ಕಣ್ಣಿಗೆ ಬೀಳುವುದು ಬಣ್ಣ, ಹಿಡಿಕೆ, ಕನ್ನಡಿ. ಕೀಲನ್ನು ನೋಡುವವರು ವಿರಳ. ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದ ಇಂಥ ಪೇಟೆಯಲ್ಲಿ ಪೈಪೋಟಿಯೊಂದೇ ಗ್ರಾಹಕನನ್ನು ಕಾಯಲಾರದು.

ಬಾಳಿಕೆಯ ಲೆಕ್ಕವನ್ನೂ ನೋಡಬೇಕು. ಯುರೋಪಿನ ಇಎನ್ 15570 ಮಾನಕದ ಮೇಲ್ದರ್ಜೆಯ ಪರೀಕ್ಷೆಯಲ್ಲಿ ಕೀಲನ್ನು 80,000 ಬಾರಿ ತೆರೆದು ಮುಚ್ಚುತ್ತಾರೆ. ದಿನಕ್ಕೆ ಹತ್ತು ಬಾರಿ ತೆರೆಯುವ ಅಡುಗೆಮನೆಯ ಬಾಗಿಲಿಗೆ ಅದು ಸುಮಾರು 22 ವರ್ಷ. ಬರೀ 20,000 ಬಾರಿ ತಾಳುವ ಕೀಲಾದರೆ ಐದೂವರೆ ವರ್ಷಕ್ಕೇ ಆಯಸ್ಸು ತೀರುತ್ತದೆ. ಹೊರನೋಟಕ್ಕೆ ಎರಡೂ ಒಂದೇ. ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ ಅಗ್ಗದ ಲೇಪನದ ಕೀಲು ತುಕ್ಕು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಪಾರ್ಟಿಕಲ್ ಬೋರ್ಡ್ ಉಬ್ಬಿ ಸ್ಕ್ರೂವಿನ ಹಿಡಿತ ಸಡಿಲಗೊಳ್ಳುತ್ತದೆ. ಯುರೋಪಿಗಿಂತ ನಮ್ಮಲ್ಲಿ ದುರಸ್ತಿಯ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ.

ಬಡಗಿಯ ಪಾಡು

ಐಕಿಯಾ ತನ್ನ ಭಾರತದ ಮೊದಲ ಮಳಿಗೆಯನ್ನು 2018ರಲ್ಲಿ ಹೈದರಾಬಾದಿನಲ್ಲಿಯೂ, ಬೆಂಗಳೂರಿನ ನಾಗಸಂದ್ರದ ಮಳಿಗೆಯನ್ನು 2022ರ ಜೂನ್‌ನಲ್ಲಿಯೂ ತೆರೆಯಿತು. ಅದಕ್ಕೂ ಮೊದಲೇ, 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಲಿವ್‌ಸ್ಪೇಸ್, ಹೋಮ್‌ಲೇನ್‌ಗಳಂಥ ಕಂಪನಿಗಳು ಕಾರ್ಖಾನೆಯಲ್ಲಿ ಕತ್ತರಿಸಿ ಕೊರೆದ ಹಲಗೆಗಳನ್ನು ಮನೆಗೆ ತಂದು ಜೋಡಿಸುವ ಕ್ರಮವನ್ನು ಇಲ್ಲಿ ಬೆಳೆಸಿದ್ದವು. ತಿಂಗಳುಗಟ್ಟಲೆ ಮನೆಯೊಳಗೆ ಗರಗಸದ ಸದ್ದು, ಮರದ ಪುಡಿ, ಅಂಟಿನ ವಾಸನೆಗಳ ನಡುವೆ ಬದುಕಿದ ಯಾರೂ ಈ ಬದಲಾವಣೆಯನ್ನು ಬೇಡವೆನ್ನಲಾರರು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವ ಯುವಕುಟುಂಬಗಳಿಗೂ ಬಿಚ್ಚಿ ಕಟ್ಟಬಹುದಾದ ಕಪಾಟು ದೊಡ್ಡ ವರ.

ಆದರೆ ನಮ್ಮ ಪರಿಸ್ಥಿತಿಗೂ ಪಶ್ಚಿಮದ ಪರಿಸ್ಥಿತಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ಕೂಲಿ ದುಬಾರಿ, ಆದ್ದರಿಂದ ಮನೆಯವರೇ ಜೋಡಿಸಿಕೊಳ್ಳುತ್ತಾರೆ. ತಾನೇ ಜೋಡಿಸಿದ ವಸ್ತುವಿನ ಮೇಲೆ ಮನುಷ್ಯನಿಗೆ ಅಕ್ಕರೆ ಹೆಚ್ಚು ಎಂದು ನಾರ್ಟನ್, ಮೋಚನ್ ಮತ್ತು ಏರಿಯಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅದಕ್ಕೆ ಅವರು ‘ಐಕಿಯಾ ಪರಿಣಾಮ’ ಎಂದೇ ಹೆಸರಿಟ್ಟರು. ನಮ್ಮಲ್ಲಿ ಮಾತ್ರ ‘ಸ್ವಯಂಜೋಡಣೆ’ಯ ಕಪಾಟನ್ನೂ ಬಹುಮಟ್ಟಿಗೆ ಜೋಡಿಸುವವನು ಕಂಪನಿ ಕಳುಹಿಸಿದ ಹುಡುಗ. ಹೊಸ ಕೀಲಿನಿಂದ ಉಳಿದ ಶ್ರಮ ಮನೆಯವರದ್ದಲ್ಲ, ಬಡಗಿಯದು. ಅವನ ಕೈಯಲ್ಲಿದ್ದ ವಿದ್ಯೆ ಕಾರ್ಖಾನೆಯ ಕೊರೆಯುವ ಯಂತ್ರಕ್ಕೆ ವರ್ಗಾವಣೆಯಾಯಿತು. ಉಳಿದ ಕೆಲಸಕ್ಕೆ ಬೇಕಾದದ್ದು ವಿದ್ಯೆಯಲ್ಲ, ವೇಗ.

ಯಂತ್ರವನ್ನು ದೂಷಿಸಿ ಪ್ರಯೋಜನವಿಲ್ಲ. ಆದರೆ ಬಡಗಿಗೆ ಉಳಿಯುವ ಗೌರವದ ಕೆಲಸ ಯಾವುದು ಎಂದು ಕೇಳಿದರೆ ಉತ್ತರ ಮತ್ತೆ ದುರಸ್ತಿಯತ್ತಲೇ ಬೊಟ್ಟು ಮಾಡುತ್ತದೆ. ಲಕ್ಷಾಂತರ ಕಪಾಟುಗಳು ಮನೆಗಳನ್ನು ಸೇರಿದ ಮೇಲೆ ಅವುಗಳನ್ನು ಸುಸ್ಥಿತಿಯಲ್ಲಿಡುವುದೇ ಒಂದು ಉದ್ಯೋಗವಾಗಬಲ್ಲದು. ಯಾವ ಅಂಗಡಿಯ ಕೀಲಾದರೂ ಯಾವ ಕಪಾಟಿಗಾದರೂ ಹೊಂದುವಂತಿದ್ದರೆ, ಬಡಾವಣೆಯ ಬಡಗಿ ಆ ಕೆಲಸವನ್ನು ಮಾಡಬಲ್ಲ. ಹೊಂದದಿದ್ದರೆ ಅದು ಕಂಪನಿಗಳ ಸೇವಾಕೇಂದ್ರಗಳ ಏಕಸ್ವಾಮ್ಯವಾಗುತ್ತದೆ. ಕೀಲಿನ ಅಳತೆ ಹೀಗೆ ಗ್ರಾಹಕನ ಪ್ರಶ್ನೆಯಷ್ಟೇ ಅಲ್ಲದೆ ಜೀವನೋಪಾಯದ ಪ್ರಶ್ನೆಯೂ ಆಗುತ್ತದೆ.

ಮಾಡಬೇಕಾದದ್ದು

ಮೊದಲನೆಯದಾಗಿ, ಭಾರತೀಯ ಮಾನಕ ಬ್ಯೂರೋ ಕಪಾಟಿನ ಕೀಲುಗಳ ಬಲ, ಬಾಳಿಕೆಗಳಿಗೆ ಕೊಡುವಷ್ಟೇ ಮಹತ್ವವನ್ನು ಅಳತೆಯ ಹೊಂದಾಣಿಕೆಗೂ ಕೊಡಬೇಕು. ಸ್ಕ್ರೂ ರಂಧ್ರಗಳ ಸ್ಥಾನ ಮತ್ತು ತೋಳು-ತಟ್ಟೆಗಳ ಸಂಧಿ, ಇವೆರಡು ಏಕರೂಪವಾದರೆ ಸಾಕು. ಏಕರೂಪತೆ ಹೊಸ ಶೋಧಗಳನ್ನು ಕೊಲ್ಲುತ್ತದೆ ಎಂಬ ಆಕ್ಷೇಪ ಬರಬಹುದು. ಆದರೆ ಕೇಳುತ್ತಿರುವುದು ಕೂಡುವ ಜಾಗದ ಏಕರೂಪತೆಯನ್ನೇ ಹೊರತು ಕೀಲಿನ ಒಳಗಿನದನ್ನಲ್ಲ. ಸದ್ದಿಲ್ಲದೆ ಮುಚ್ಚುವ ಡ್ಯಾಂಪರ್, ಹೆಚ್ಚು ಕೋನಕ್ಕೆ ತೆರೆಯುವ ರಚನೆ, ಉತ್ತಮ ಲೇಪನ, ಇವುಗಳಲ್ಲಿ ಕಂಪನಿಗಳು ಧಾರಾಳವಾಗಿ ಸ್ಪರ್ಧಿಸಲಿ. ಯುರೋಪ್ ಒಕ್ಕೂಟ 2024ರ ಡಿಸೆಂಬರ್‌ನಿಂದ ಮೊಬೈಲುಗಳಿಗೆ ಒಂದೇ ಬಗೆಯ ಚಾರ್ಜಿಂಗ್ ಕಿಂಡಿಯನ್ನು ಕಡ್ಡಾಯ ಮಾಡಿತು. ಅದರಿಂದ ಮೊಬೈಲುಗಳ ನಡುವಿನ ಪೈಪೋಟಿ ನಿಂತುಹೋಗಿಲ್ಲ.

ಎರಡನೆಯದು ದುರಸ್ತಿಯ ಹಕ್ಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಈ ಹಕ್ಕಿನ ಚೌಕಟ್ಟಿಗೆ ಕೈಹಾಕಿದಾಗ ಗುರುತಿಸಿದ್ದು ಕೃಷಿ ಯಂತ್ರಗಳು, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳು, ಗೃಹೋಪಯೋಗಿ ಉಪಕರಣಗಳು ಹಾಗೂ ವಾಹನಗಳನ್ನು. ಪೀಠೋಪಕರಣಗಳಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಯುರೋಪ್ ಒಕ್ಕೂಟವಾದರೋ 2024ರಲ್ಲಿ ಜಾರಿಗೆ ಬಂದ ತನ್ನ ಪರಿಸರಸ್ನೇಹಿ ವಿನ್ಯಾಸದ ಕಾನೂನಿನಡಿ 2025ರಲ್ಲಿ ಸಿದ್ಧಪಡಿಸಿದ ಕಾರ್ಯಯೋಜನೆಯಲ್ಲಿ ಪೀಠೋಪಕರಣಗಳನ್ನು ಆದ್ಯತೆಯ ಸರಕುಗಳ ಸಾಲಿಗೆ ಸೇರಿಸಿದೆ. ಮಾದರಿಯ ಮಾರಾಟ ನಿಂತ ಮೇಲೂ ಹತ್ತು ವರ್ಷ ಕೀಲು, ತಟ್ಟೆ, ಹಳಿಗಳನ್ನು ಬಿಡಿಯಾಗಿ ಒದಗಿಸುವ ಹೊಣೆಯನ್ನು ಮಾರುವವರ ಮೇಲೆ ಹೊರಿಸುವುದು ಅತಿಯಾದ ಬೇಡಿಕೆಯಾಗಲಾರದು. ಜೋಡಣೆಯ ಸೂಚನೆಗಳ ಜೊತೆಗೆ ಬಿಚ್ಚುವ, ಬದಲಿಸುವ ಸೂಚನೆಗಳೂ ಕನ್ನಡದಲ್ಲಿ, ವಯಸ್ಸಾದವರು ಓದಬಲ್ಲ ಅಕ್ಷರಗಳಲ್ಲಿ ಇರಬೇಕು.

ಮೂರನೆಯದು ಕಾನೂನಿಲ್ಲದೆಯೂ ಆಗಬಹುದಾದ ಕೆಲಸ. ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ, ಕಚೇರಿಗಳಿಗೆ ಕಪಾಟು ಕೊಳ್ಳುವ ಸರ್ಕಾರವೇ ಈ ಪೇಟೆಯ ದೊಡ್ಡ ಗ್ರಾಹಕರಲ್ಲಿ ಒಂದು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಖರೀದಿಗೆ ಶಿಸ್ತು ತಂದಿತು. ಆದರೆ ಟೆಂಡರಿನಲ್ಲಿ ಬರೆಯದೇ ಇದ್ದದ್ದನ್ನು ಯಾವ ಕಾಯ್ದೆಯೂ ತಂದುಕೊಡದು. ನನ್ನ ಸೇವಾವಧಿಯಲ್ಲಿ ಕಂಡ ಎಷ್ಟೋ ಟೆಂಡರ್ ದಾಖಲೆಗಳಲ್ಲಿ ಹಲಗೆಯ ದಪ್ಪ, ಬಣ್ಣ, ಬೀಗಗಳ ವಿವರ ಒಂದು ಪುಟದಷ್ಟಿದ್ದರೆ, ಕೀಲಿಗೆ ಸಿಗುತ್ತಿದ್ದದ್ದು ‘ಉತ್ತಮ ಗುಣಮಟ್ಟದ್ದು’ ಎಂಬ ಎರಡೇ ಪದ. ಅತಿ ಕಡಿಮೆ ದರ ಸೂಚಿಸಿದವನು ಗೆಲ್ಲುವ ವ್ಯವಸ್ಥೆಯಲ್ಲಿ ಆ ಎರಡು ಪದಗಳ ಅರ್ಥ ‘ಅತಿ ಅಗ್ಗದ್ದು’ ಎಂದೇ ಆಗುತ್ತದೆ. ಕೀಲು ಎಷ್ಟು ಬಾರಿಯ ಪರೀಕ್ಷೆ ತಾಳಿರಬೇಕು, ರಂಧ್ರಗಳ ಅಂತರ ಎಷ್ಟಿರಬೇಕು, ನೂರು ಕಪಾಟಿಗೆ ಎಷ್ಟು ಬಿಡಿ ಕೀಲುಗಳನ್ನು ಜೊತೆಗೇ ಕೊಡಬೇಕು ಎಂಬ ಮೂರು ಸಾಲು ಸೇರಿಸಿದರೆ ತಯಾರಕರು ತಾವಾಗಿ ಆ ದಾರಿಗೆ ಬರುತ್ತಾರೆ.

ನಾಲ್ಕನೆಯದಾಗಿ, ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿರುವ ಮರಗೆಲಸದ ಉನ್ನತ ತರಬೇತಿಯಂಥ ಸೌಲಭ್ಯ ಜಿಲ್ಲೆಗಳ ಐಟಿಐಗಳಿಗೂ ಹರಡಬೇಕು. ಅಲ್ಲಿ ಹೊಸ ಯಂತ್ರ ನಡೆಸುವುದರ ಜೊತೆಗೆ ಹಳೆಯ ಕಪಾಟನ್ನು ಸರಿಪಡಿಸುವುದೂ ಪಾಠವಾಗಬೇಕು.

ಈ ನಡುವೆ ಓದುಗರು ಮಾಡಬಹುದಾದದ್ದೂ ಇದೆ. ಕಪಾಟು ಕೊಳ್ಳುವ ಮುನ್ನ ಬಾಗಿಲು ತೆರೆದು ಕೀಲಿನ ಮೇಲೆ ತಯಾರಕರ ಹೆಸರಿದೆಯೇ ನೋಡಿ. ಬಾಗಿಲಿನ ಎತ್ತರಕ್ಕೆ ತಕ್ಕಷ್ಟು ಕೀಲುಗಳಿವೆಯೇ ಎಣಿಸಿ: ಸುಮಾರು 90 ಸೆಂಟಿಮೀಟರಿನವರೆಗೆ ಎರಡು, 160ರವರೆಗೆ ಮೂರು, 200ರವರೆಗೆ ನಾಲ್ಕು ಎಂಬುದು ತಯಾರಕರೇ ಪಾಲಿಸುವ ಸ್ಥೂಲ ನಿಯಮ, ಬಾಗಿಲು ಭಾರವಾದರೆ ಇನ್ನೂ ಒಂದು ಬೇಕಾದೀತು. ಇದೇ ಕೀಲು ಬಿಡಿಯಾಗಿ ಎಲ್ಲಿ ಸಿಗುತ್ತದೆ ಎಂದು ಅಂಗಡಿಯವರನ್ನು ಕೇಳಿ, ಸಾಧ್ಯವಾದರೆ ಎರಡು ಹೆಚ್ಚುವರಿ ಕೀಲುಗಳನ್ನು ಆಗಲೇ ಕೊಂಡಿಡಿ. ಕೇಳುವವರು ಹೆಚ್ಚಿದಂತೆ ಉತ್ತರ ಸಿದ್ಧವಾಗಿಟ್ಟುಕೊಳ್ಳುವ ಅಂಗಡಿಗಳೂ ಹೆಚ್ಚುತ್ತವೆ.

ಕಪಾಟಿನ ಜೋಡಣೆ ಒಂದು ಮಧ್ಯಾಹ್ನದ ಕೆಲಸ, ಅದರ ಬಳಕೆ ಇಪ್ಪತ್ತು ವರ್ಷದ್ದು. ಆ ಒಂದು ಮಧ್ಯಾಹ್ನವನ್ನು ಹಗುರಗೊಳಿಸಲು ತಂತ್ರಜ್ಞರು ತೋರಿಸಿದ ಜಾಣ್ಮೆ ಮೆಚ್ಚತಕ್ಕದ್ದು. ಉಳಿದ ಇಪ್ಪತ್ತು ವರ್ಷಗಳ ಕಾಳಜಿಯನ್ನು ಅವರೊಬ್ಬರಿಗೇ ಬಿಡಲಾಗದು. ಅದು ಮಾನಕ ರೂಪಿಸುವವರು, ಖರೀದಿಸುವ ಇಲಾಖೆಗಳು ಮತ್ತು ಪ್ರಶ್ನೆ ಕೇಳುವ ಗ್ರಾಹಕರು ಸೇರಿ ಹೊರಬೇಕಾದ ಹೊಣೆ.